ತಂಗಿಗೆ ಹದಿನೇಳು ನಿಮಿಷ

ನೀರಿಗಿಳಿಯುವವರ ಸಾಮಾನು ಮಾರುವ ಆ ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಯಜಮಾನರ ಹೆಸರು, ಆದರೆ ಗಿರಾಕಿಗಳು ಹುಡುಕಿಕೊಂಡು ಬರುತ್ತಿದ್ದುದು ನಿಮಿಷದಕ್ಕನನ್ನು. ಗಾಜಿನ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು, ಬಲಗಿವಿಯನ್ನು ಗಿರಾಕಿಯ ಕಡೆ ತಿರುಗಿಸಿ, "ಎಷ್ಟು ಆಳ ಹೋಗ್ತೀರಿ?" ಎಂದು ಕೇಳುವಳು. ಇಪ್ಪತ್ತು ಮೀಟರಿಗೆ ಇಷ್ಟು ನಿಮಿಷ, ಮೂವತ್ತಕ್ಕೆ ಇಷ್ಟು ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವಳು. ಆ ಹೆಸರು ಬಂದದ್ದು ಹಾಗೆ.

ಅವಳು ಹೆಚ್ಚು ಮಾರುತ್ತಿದ್ದುದು ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರ್. ನೀರಿನಡಿ ಇದ್ದಷ್ಟು ಹೊತ್ತೂ ಉಸಿರಾಡಿದ ಗಾಳಿ ಮೈಯೊಳಗೆ ಕರಗುತ್ತ ಹೋಗುತ್ತದೆ. ಮಿತಿ ಮೀರಿ ಕೆಳಗಿದ್ದು ಮೇಲೆ ಬಂದರೆ ಅದೇ ಗಾಳಿ ಗುಳ್ಳೆಯಾಗಿ ಕೀಲಿಗೋ ನರಕ್ಕೋ ಹೊಡೆಯುತ್ತದೆ. ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂದು ಲೆಕ್ಕ ಹಾಕಿ ತೋರಿಸುವುದು ಈ ಯಂತ್ರದ ಕೆಲಸ. ಆ ಲೆಕ್ಕಕ್ಕೆ ಮೂರು ಮಟ್ಟಗಳಿವೆ. ಅವಕ್ಕೆ ಅಕ್ಕ ಇಟ್ಟ ಹೆಸರು ಸಡಿಲ, ನಡು, ಬಿಗಿ. ಹೊಟ್ಟೆ ಬಂದ, ರಕ್ತದೊತ್ತಡದ ಮಾತ್ರೆ ನುಂಗುವ ಗಂಡಸರೆಲ್ಲ ಬಂದು ಸಡಿಲವೇ ಇಡಿ ಎನ್ನುವರು. ಬಿಗಿ ಎಂದರೆ ಅವರ ಮರ್ಯಾದೆಗೆ ಕಡಿಮೆ. "ಬಿಗಿ ಅಂದ್ರೆ ಹೆದರಿಕೆ ಅಲ್ಲ ಸಾರ್, ಮನೆಗೆ ವಾಪಸ್ ಹೋಗೋ ಆಸೆ," ಎಂದು ಅವರ ಬಾಯಿ ಮುಚ್ಚಿಸುವಳು.

ಇಷ್ಟೆಲ್ಲ ಹೇಳುವವಳು ನೀರಿಗಿಳಿದು ಆರು ವರ್ಷವಾಗಿತ್ತು. ಅವಳ ಅಪ್ಪ ಬಂದರಿನಲ್ಲಿ ಹಡಗುಗಳ ತಳ ಉಜ್ಜುವ ಕೆಲಸ ಮಾಡಿ ನಿವೃತ್ತರಾದವರು. ಅವಳ ಇಪ್ಪತ್ತೆರಡನೆಯ ವಯಸ್ಸಿನಿಂದ ಹತ್ತು ವರ್ಷ, ಭಾನುವಾರ ತಪ್ಪಿದರೆ ಕೇಳಿ, ಅಪ್ಪ ಮಗಳು ಜೋಡಿಯಾಗಿ ಇಳಿಯುತ್ತಿದ್ದರು. ತೀರದಿಂದ ಅರ್ಧ ಗಂಟೆಯ ದೂರದಲ್ಲಿ, ಇಪ್ಪತ್ತನಾಲ್ಕು ಮೀಟರ್ ಆಳದಲ್ಲಿ, ಒಂದು ಹಳೆಯ ಸರಕುಹಡಗು ಮುಳುಗಿ ಮಲಗಿತ್ತು. ಅದರ ಹಿಂಬದಿಯಲ್ಲಿ ಕಪ್ತಾನನ ಕೋಣೆ. ಕೋಣೆಯ ಗೋಡೆಯಲ್ಲಿ ಮುಖ ತೊಳೆಯುವ ಬೇಸಿನ್ನು ಇನ್ನೂ ಗಟ್ಟಿಯಾಗಿ ನಿಂತಿತ್ತು. ಅಪ್ಪ ಪ್ರತಿ ಸಲವೂ ಅದರ ನಲ್ಲಿ ತಿರುಗಿಸಿ, ಮುಖ ತೊಳೆದು, ಇಲ್ಲದ ಟವೆಲಿನಿಂದ ಒರೆಸಿಕೊಳ್ಳುವರು. ಮಗಳು ನಕ್ಕು ನಕ್ಕು ಮುಖಗವಸಿನೊಳಗೆ ನೀರು ತುಂಬಿಸಿಕೊಳ್ಳುವಳು. ಅಂಥ ಒಂದು ಭಾನುವಾರ, ಅಪ್ಪನ ಕೈಗಡಿಯಾರ ಮತ್ತು ತಲೆಲೆಕ್ಕ ನಂಬಿ, ಎಂಟು ನಿಮಿಷ ಹೆಚ್ಚು ಇದ್ದರು. ಅಪ್ಪನಿಗೆ ಏನೂ ಆಗಲಿಲ್ಲ. ಮಗಳಿಗೆ ದೋಣಿಯಲ್ಲೇ ಲೋಕ ಗಿರ್ರನೆ ತಿರುಗಿತು. ಗುಳ್ಳೆ ಒಳಗಿವಿಗೆ ಹೊಡೆದಿದೆ, ಇನ್ನು ಜನ್ಮದಲ್ಲಿ ನೀರಿಗಿಳಿಯಬೇಡ ಎಂದರು ಡಾಕ್ಟರು. ತಲೆ ತಿರುಗುವುದು ಎರಡು ವರ್ಷಕ್ಕೆ ನಿಂತಿತು. ಎಡಗಿವಿಗೆ ಮಾತ್ರ ಮತ್ತೆ ಕೇಳಿಸಲೇ ಇಲ್ಲ. ಆ ಎಂಟು ನಿಮಿಷದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅದನ್ನಾದರೂ ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಕಳೆದ ವರ್ಷ ಶುರುವಾಯಿತು. ಒಂಬತ್ತು ವರ್ಷಕ್ಕೆ ಕಿರಿಯಳಾದ ತಂಗಿ, ಯಾರಿಗೂ ಹೇಳದೆ ಒಬ್ಬ ಟೀಚರ ಹತ್ತಿರ ಡೈವಿಂಗ್ ಕಲಿತು, ಸರ್ಟಿಫಿಕೇಟು ತಂದು ಅಪ್ಪನ ಮುಂದಿಟ್ಟಳು. ಇನ್ನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ ಎಂದು ಆಣೆ ಇಟ್ಟಿದ್ದ ಅಪ್ಪ ಎರಡೇ ವಾರದಲ್ಲಿ ಕರಗಿಹೋದರು. ಅಂದಿನಿಂದ ಭಾನುವಾರಗಳು ತಂಗಿಯ ಪಾಲಾದವು. ದೋಣಿಯಲ್ಲಿ ಕೂತು ಯಾರು ಎಷ್ಟು ಗಂಟೆಗೆ ಇಳಿದರು, ಎಷ್ಟಕ್ಕೆ ಬಂದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಅಕ್ಕನಿಗೆ ಬಂತು. ಮೇಲೆ ಬಂದವರು ಒದ್ದೆ ತಲೆ ಕೊಡವಿ, "ಆ ಮೀನು ನೋಡಿದೆಯಾ?" "ನೀವು ನೋಡಿದ್ರಾ ಅಪ್ಪ?" ಎಂದು ಮಾತಾಡಿಕೊಳ್ಳುವಾಗ ಅವಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಉರಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಅವಳೂ ಹಾಗೆ ಹೇಳಿಕೊಂಡವಳಲ್ಲ.

ಒಂದು ಶನಿವಾರ ಅಪ್ಪ ಮತ್ತು ತಂಗಿ ಅಂಗಡಿಗೆ ಬಂದರು. ಇಷ್ಟು ದಿನ ಬಾಡಿಗೆ ಕಂಪ್ಯೂಟರಿನಲ್ಲಿ ಕಳೆದಿದ್ದ ತಂಗಿಗೆ ಸ್ವಂತದ್ದು ಬೇಕಿತ್ತು. ಅವಳ ಕಣ್ಣು ಹೋಗಿದ್ದು ಆಕಾಶನೀಲಿ ಪಟ್ಟಿಯದರ ಮೇಲೆ.

"ಪಟ್ಟಿ ನೋಡಿ ತಗೊಳ್ಳೋಕೆ ಇದೇನು ಬಳೆನಾ?" ಎಂದಳು ಅಕ್ಕ. ದೊಡ್ಡ ಅಂಕಿಯ, ಎರಡೇ ಗುಂಡಿಯ, ನೋಡಲು ಗಂಜಿ ಕುಡಿದವನ ಮುಖದಂತಿದ್ದ ಕಪ್ಪು ಕಂಪ್ಯೂಟರನ್ನು ತೆಗೆದಿಟ್ಟಳು. "ಇದು. ಮಬ್ಬಲ್ಲೂ ಓದಬಹುದು. ಗ್ಲೌಸ್ ಹಾಕ್ಕೊಂಡೂ ಒತ್ತಬಹುದು."

"ಅಕ್ಕ ಹೇಳಿದ್ದೇ ಸರಿ," ಎಂದು ತಂಗಿ ಒಂದೇ ಮಾತಿಗೆ ಕೈ ಚಾಚಿದಳು.

"ಸಡಿಲ ಇಡು," ಎಂದರು ಅಪ್ಪ. ಅವರ ಮಣಿಕಟ್ಟಿನಲ್ಲಿ ಇನ್ನೂ ಅದೇ ಹಳೆಯ ಗಡಿಯಾರ. "ನಾಳೆ ಇವಳಿಗೆ ಹಡಗು ತೋರಿಸ್ತೀನಿ. ಕಪ್ತಾನನ ಕೋಣೆ ನೋಡ್ಲಿ, ಅಲ್ಲೊಂದು ತಮಾಷೆ ಇದೆ."

ಆ ತಮಾಷೆ ನನ್ನದು ಎಂದು ಕೂಗಬೇಕೆನಿಸಿತು ಅಕ್ಕನಿಗೆ. ಬಾಯಿಗೆ ಬೀಗ ಹಾಕಿಕೊಂಡು ಗುಂಡಿ ಒತ್ತಿದಳು. ಹಗ್ಗ ಹಿಡಿದು ಇಳಿದು, ಹಡಗನ್ನು ಬಳಸಿ ಹೋಗಿ ಆ ಕೋಣೆ ಮುಟ್ಟಲು ಹತ್ತೊಂಬತ್ತು ನಿಮಿಷ ಬೇಕು. ಅಲ್ಲಿಂದ ಮೇಲೇರಲು ಇನ್ನೊಂದು ಹಗ್ಗವಿದೆ. ಆ ಆಳಕ್ಕೆ ಸಡಿಲವಾದರೆ ಇಪ್ಪತ್ತೇಳು ನಿಮಿಷ, ನಡುವಾದರೆ ಇಪ್ಪತ್ತೆರಡು. ಬಿಗಿಯಾದರೆ ಹದಿನೇಳು. ಬಿಗಿ ಇಟ್ಟಳು.

"ಹೊಸಬಳು, ನೀರು ಬೇರೆ ತಣ್ಣಗಿದೆ," ಎಂದಳು. ಕಾರಣ ಚೆನ್ನಾಗಿಯೇ ಇತ್ತು. ಬೇರೆ ಯಾವ ಗಿರಾಕಿಗೆ ಹೇಳಿದ್ದರೂ ಒಪ್ಪುವಂಥದೇ. ಹೇಳಿದವಳ ಮನಸ್ಸಿನಲ್ಲಿದ್ದದ್ದು ಮಾತ್ರ ಅದಲ್ಲ.

ಮರುದಿನ ದೋಣಿಯಲ್ಲಿ ಕೂತು, ಇಬ್ಬರೂ ಇಳಿದ ಹೊತ್ತು ಬರೆದುಕೊಂಡು, ಅಕ್ಕ ಗಡಿಯಾರದ ಮೇಲೆ ಕಣ್ಣು ನೆಟ್ಟಳು. ಜೋಡಿಯಲ್ಲಿ ಇಳಿದವರಿಗೆ ಒಂದು ನಿಯಮ: ಯಾರ ಕಂಪ್ಯೂಟರ್ ಮೊದಲು ಕೂಗುತ್ತದೋ ಇಬ್ಬರೂ ಅದರ ಮಾತು ಕೇಳಿ ಮೇಲೇರಬೇಕು. ಲೆಕ್ಕ ಹಾಕಿದ ಹೊತ್ತಿಗೆ ಸರಿಯಾಗಿ ಎರಡು ತಲೆ ಕಾಣಿಸಿದವು. ಅವಳಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಬಗ್ಗಿ ಹಗ್ಗ ಸುತ್ತತೊಡಗಿದಳು.

ಅಪ್ಪ ಹತ್ತುತ್ತಲೇ ಸಿಡಿದರು. "ಮದುವೆಮನೆ ಬಾಗಿಲಿಗೆ ಹೋಗಿ ಉಪವಾಸ ವಾಪಸ್ ಬಂದ ಹಾಗಾಯ್ತು. ಹಡಗಿನ ಕಂಬ ಕೂಡ ದಾಟಿಲ್ಲ, ಆಗಲೇ ಕೀಂಯ್ ಕೀಂಯ್ ಅಂತ ಶುರು! ಎಂಥ ಪುಕ್ಕಲು ಯಂತ್ರ ಕೊಟ್ಟಿದ್ದೀಯೇ?"

"ಬೈಬೇಡಿ ಅಪ್ಪ," ಎಂದಳು ತಂಗಿ, ಹಲ್ಲು ಕಟಕಟ ಎನ್ನುತ್ತಿದ್ದರೂ. "ಅಕ್ಕ ಇಟ್ಟಿದ್ದಾಳೆ ಅಂದ್ರೆ ಸುಮ್ನೆ ಇಟ್ಟಿರಲ್ಲ."

ಅಕ್ಕನ ಖುಷಿ ಹಾಲು ಒಡೆದಂತೆ ಒಡೆಯಿತು. ಬೈದಿದ್ದರೆ ಹಾಯಾಗಿರುತ್ತಿತ್ತು. ನಂಬಿದ್ದು ತಡೆಯಲಾಗಲಿಲ್ಲ.

ಸೋಮವಾರ ತಂಗಿ ಒಬ್ಬಳೇ ಅಂಗಡಿಗೆ ಬಂದಳು. ಕಂಪ್ಯೂಟರನ್ನು ಗಾಜಿನ ಮೇಲಿಟ್ಟು, ಅಕ್ಕನ ಬಲಗಡೆಗೆ ಬಂದು ನಿಂತಳು.

"ಅಪ್ಪನ್ನ ಕೇಳಿದ್ರೆ ಸಡಿಲ ಅಂತಾರೆ. ನೀನು ಹೇಳು. ನನ್ನ ವಯಸ್ಸಿಗೆ, ನನ್ನ ಮೈಗೆ, ಸರಿಯಾದದ್ದು ಯಾವುದು?"

ಅಕ್ಕ ತುಂಬ ಹೊತ್ತು ಗಾಜು ಒರೆಸಿದಳು. ಸುಳ್ಳು ಹೇಳುವುದು ಸುಲಭವಿತ್ತು, ಏಕೆಂದರೆ ಎಚ್ಚರಿಕೆಯೂ ಹೊಟ್ಟೆಕಿಚ್ಚೂ ಒಂದೇ ಅಂಕಿ ತೋರಿಸುತ್ತಿದ್ದವು. ಯಾವುದರ ಮಾತು ಕೇಳಿ ಬಿಗಿ ಇಟ್ಟೆ ಎಂದು ಯಾರು ಬಂದು ಕಂಡುಹಿಡಿಯುತ್ತಾರೆ? ಆದರೆ ನಿಮಿಷದ ವಿಷಯದಲ್ಲಿ ನೇರವಾಗಿ ಕೇಳಿದ ಯಾರಿಗೂ ಅವಳು ಇವತ್ತಿನವರೆಗೆ ಸುಳ್ಳು ಹೇಳಿರಲಿಲ್ಲ.

"ನಡು," ಎಂದಳು.

"ಮತ್ತೆ ಬಿಗಿ ಯಾಕೆ ಇಟ್ಟೆ?"

"ಹೊಟ್ಟೆಕಿಚ್ಚಿಗೆ."

ತಂಗಿಯ ಮುಖ ಕೆಂಪಾಯಿತು. "ನಿಂಗೊಬ್ಬಳಿಗೇ ಹೊಟ್ಟೆ ಇರೋದು ಅಂದ್ಕೊಂಡಿದ್ದೀಯಾ? ಹತ್ತು ವರ್ಷ ದಡದಲ್ಲಿ ಕೂತು ನಿಮ್ಮಿಬ್ಬರ ಚಪ್ಪಲಿ ಕಾಯ್ದಿದ್ದೀನಿ ನಾನು! ವಾಪಸ್ ಬಂದಾಗ ಒಂದು ದಿನ, ಒಂದೇ ಒಂದು ದಿನ, ನನ್ನ ಮುಖ ನೋಡಿದ್ರಾ?"

ಅದನ್ನು ಅಕ್ಕ ಯಾವತ್ತೂ ಯೋಚಿಸಿರಲಿಲ್ಲ. ಚಪ್ಪಲಿಗಳು ತಾವಾಗಿ ಅಲ್ಲಿರುತ್ತಿದ್ದವು ಎಂದೇ ಅವಳ ಲೆಕ್ಕ. ಗುಂಡಿ ಒತ್ತಿ ನಡುವಿಗೆ ತಂದು, ಕಂಪ್ಯೂಟರನ್ನು ತಂಗಿಯ ಕೈಗೆ ಕಟ್ಟಿದಳು. ಕೈ ಬಿಡದೆ ಅಂದಳು, "ಆದ್ರೆ ಬಿಗಿ ಬೇಕಾಗಿರೋದು ಅಪ್ಪನಿಗೆ ಕಣೇ. ಅರವತ್ತಮೂರು. ಮಾತ್ರೆ ಬೇರೆ. ಇನ್ನೂ ತಲೆಲೆಕ್ಕದಲ್ಲೇ ಇಳೀತಾರೆ."

ಆ ಸಂಜೆ ಮನೆಯ ಊಟದ ಮೇಜಿನ ಮೇಲೆ ಇನ್ನೊಂದು ಕಪ್ಪು ಕಂಪ್ಯೂಟರ್ ಬಂದು ಕೂತಿತು. ಅಪ್ಪ ಅದನ್ನು ನೋಡಿದ ರೀತಿಗೆ ಅದು ಸತ್ತ ಇಲಿಯಾಗಿರಬೇಕಿತ್ತು.

"ನಾನು ಮೊದಲು ನೀರಿಗಿಳಿದಾಗ ಇದನ್ನ ಮಾಡಿದವನು ಹುಟ್ಟಿರಲಿಲ್ಲ. ನನ್ನ ಲೆಕ್ಕ ನಂಗೆ ಗೊತ್ತು."

"ನಿಮ್ಮ ಲೆಕ್ಕ ನಾನೂ ನಂಬಿದ್ದೆ ಅಪ್ಪ," ಎಂದಳು ಅಕ್ಕ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಂಗಿ ನಲ್ಲಿ ನಿಲ್ಲಿಸಿದಳು. ಅಪ್ಪ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. ಆಮೇಲೆ ಹಳೆಯ ಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು, ಕೈ ಮುಂದೆ ಚಾಚಿದರು. ಅಕ್ಕ ಪಟ್ಟಿ ಕಟ್ಟಿ ಬಿಗಿಗೆ ಇಟ್ಟಳು. ಈ ಸಲ ಒಳಗೆ ಇದ್ದ ಕಾರಣವೂ ಬಾಯಲ್ಲಿ ಬಂದ ಕಾರಣವೂ ಒಂದೇ ಆಗಿತ್ತು.

"ಇಪ್ಪತ್ತನಾಲ್ಕು ಮೀಟರಿಗೆ ಎಷ್ಟು ಕೊಡುತ್ತೆ?" ಎಂದು ಕೇಳಿದರು ಅಪ್ಪ.

"ಹದಿನೇಳು."

ಅಪ್ಪನಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ತಾವು ಜೊತೆಗಿದ್ದರೆ ಚಿಕ್ಕ ಮಗಳು ಕೋಣೆ ನೋಡುವ ಹಾಗಿಲ್ಲ. ಅವಳು ನೋಡಬೇಕಾದರೆ ತಾವು ಜೊತೆಗಿರುವ ಹಾಗಿಲ್ಲ. "ಹಾಗಾದ್ರೆ ಯಾರ ಜೊತೆ ಹೋಗ್ತಾಳೆ ಇವಳು?"

"ಟೀಚರ್ ಜೊತೆ ಹೋಗ್ತೀನಿ ಅಪ್ಪ," ಎಂದಳು ತಂಗಿ ಬಾಗಿಲಿಗೆ ಬಂದು.

"ಹೋಗು ಹೋಗು," ಎಂದರು ಅಪ್ಪ. ಹಾಗೆ ಅಂದವರು ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮುಂದಿನ ಭಾನುವಾರ ಟೀಚರೂ ತಂಗಿಯೂ ಬೆನ್ನಿಗೆ ಸಿಲಿಂಡರ್ ಹೊತ್ತು, ಒಬ್ಬರ ಪಟ್ಟಿ ಒಬ್ಬರು ಎಳೆದು ನೋಡಿ, ಏನೋ ಪಿಸುಗುಟ್ಟಿ ನಕ್ಕು, ಹಿಮ್ಮುಖವಾಗಿ ನೀರಿಗೆ ಬಿದ್ದರು. ಅಪ್ಪ ಸೂಟನ್ನೇ ಹಾಕಿರಲಿಲ್ಲ. ಬೇಕಾದರೆ ಅವರೂ ಹತ್ತು ಮೀಟರಿಗೆ ಇಳಿದು ಬರಬಹುದಿತ್ತು. ಮೊಣಕಾಲು ನೋವು ಎಂದು ನೆಪ ಹೇಳಿ, ಬಂದು ಅಕ್ಕನ ಪಕ್ಕದಲ್ಲಿ ಕೂತರು.

ಆರು ವರ್ಷದಿಂದ ಅವಳಿಗೆ ಬೇಕಾಗಿದ್ದುದು ಇದೇ: ದೋಣಿ, ಭಾನುವಾರ, ಪಕ್ಕದಲ್ಲಿ ಅಪ್ಪ. ಈಗ ಸಿಕ್ಕಿತ್ತು. ಆದರೆ ಅಪ್ಪ ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ. ಗುಳ್ಳೆಗಳು ಏಳುತ್ತಿದ್ದ ಕಡೆಗೇ ಕುತ್ತಿಗೆ ಚಾಚಿ ಕೂತಿದ್ದರು. ಗುಳ್ಳೆಗಳು ಹಡಗಿನ ಮೇಲಿಂದ ಹಿಂಬದಿಗೆ ಸರಿದವು.

"ಎಷ್ಟಾಯ್ತು?"

"ಹದಿನೆಂಟು."

"ಕೋಣೆ ಹತ್ತಿರ ಹೋಗಿರ್ತಾಳೆ." ಸ್ವಲ್ಪ ಬಿಟ್ಟು, "ಆ ಟೀಚರಿಗೆ ಬೇಸಿನ್ನು ಎಲ್ಲಿದೆ ಅಂತ ಗೊತ್ತೋ ಇಲ್ವೋ. ಸುಮ್ನೆ ಬಾಗಿಲಿಂದ ನೋಡಿ ಬಂದುಬಿಟ್ರೆ?"

"ಅವಳಿಗೆ ಹೇಳಿ ಕಳಿಸಿದ್ದೀನಿ. ಬಾಗಿಲ ಎಡಕ್ಕೆ ಅಂತ."

ಅಪ್ಪ ತಲೆಯಾಡಿಸಿದರು. ಅವರ ದವಡೆ ಬಿಗಿದಿತ್ತು. ಆ ಮುಖ ಅಕ್ಕನಿಗೆ ಪರಿಚಯದ್ದು; ಒಂದು ವರ್ಷದಿಂದ ಬಚ್ಚಲಿನ ಕನ್ನಡಿಯಲ್ಲಿ ನೋಡುತ್ತ ಬಂದಿದ್ದಳು.

"ಇಲ್ಲಿ ಕೂತ್ರೆ ಹೊಟ್ಟೆ ಉರಿಯುತ್ತೆ ಕಣೇ," ಎಂದರು ಅಪ್ಪ ನೀರನ್ನೇ ನೋಡುತ್ತ. ಅಷ್ಟು ಹೇಳಿದ ಮೇಲೆ ಅವರಿಗೆ ಏನೋ ಹೊಳೆದಿರಬೇಕು, ಮೊದಲ ಸಲ ಅವಳ ಕಡೆ ತಿರುಗಿದರು. ಅವಳ ಮಡಿಲಲ್ಲಿದ್ದ ನೋಟ್‌ಬುಕ್ಕನ್ನು ಎಳೆದುಕೊಂಡು ಹಾಳೆ ಹಿಂದಕ್ಕೆ ಮಗುಚಿದರು. ಒಂದೊಂದು ಭಾನುವಾರಕ್ಕೆ ಒಂದೊಂದು ಹಾಳೆ, ಅವಳ ಗುಂಡಗಿನ ಅಕ್ಷರದಲ್ಲಿ 'ಅಪ್ಪ, ತಂಗಿ', ಇಳಿದ ಹೊತ್ತು, ಬಂದ ಹೊತ್ತು. ಅಪ್ಪ ಹಾಳೆ ಮಗುಚುತ್ತಲೇ ಹೋದರು.

"ಇಷ್ಟೂ ದಿನ ಹೀಗೇ ಕೂತಿದ್ದೆಯಾ ನೀನು?"

"ಹೂಂ."

"ನಂಗೆ ಇಪ್ಪತ್ತು ನಿಮಿಷ ಕೂರೋಕಾಗ್ತಿಲ್ಲ," ಎಂದರು ಅಪ್ಪ. ನೋಟ್‌ಬುಕ್ಕನ್ನು ಅವಳಿಗೆ ವಾಪಸ್ ಕೊಡಲಿಲ್ಲ. ಅವಳ ಕೈಯಿಂದ ಪೆನ್ನನ್ನೂ ತೆಗೆದುಕೊಂಡು, "ಇಬ್ಬರೂ ಬಂದ ಹೊತ್ತು ನಾನು ಬರೀತೀನಿ," ಎಂದರು.