ಕೈ ಹಿಂದೆ ಕಟ್ಟಿಕೊಂಡು ಕಲಿಸಿದ ಶಿವಗಂಗಾ ಮೇಡಂ

ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಕಂಪ್ಯೂಟರ್ ಕಲಿಸಿದವರು ಹಲವರಿದ್ದಾರೆ. ಆದರೆ ವಿಂಡೋಸ್ ಮೇಲೋ ಲಿನಕ್ಸ್ ಮೇಲೋ ಎಂಬ ಪ್ರಶ್ನೆಯನ್ನು ಕಂಪ್ಯೂಟರಿನ ಮುಂದೆ ಕೂತು ದಿನದ ಕೆಲಸ ಮಾಡುವವರೇ ತೀರ್ಮಾನಿಸಬೇಕೆಂದು ಹಟ ಹಿಡಿದವರು ಪೂಜ್ಯ ಶಿವಗಂಗಾ ಮೇಡಂ ಒಬ್ಬರೇ. ಕೊಟ್ಟೂರಿನ ನಮ್ಮ ಕಾಲೇಜಿನಿಂದ ಈ ವರ್ಷ ನಿವೃತ್ತರಾಗುತ್ತಿರುವ ಅವರ ಶಿಷ್ಯೆ ನಾನು, ಈಗ ಅವರದೇ ವಿಭಾಗದ ಉಪನ್ಯಾಸಕಿ ಎಂದು ಹೇಳಿಕೊಳ್ಳುವಾಗ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ ರಹಿಮಾನರ ಮಗಳು ನಾನು. ಮೊದಲ ದಿನ ಮೌಸನ್ನು ಎತ್ತ ಸರಿಸಬೇಕೆಂದು ತಿಳಿಯದೆ ತಡವರಿಸಿದಾಗ ಪಕ್ಕದ ಗೆಳತಿ ಅದನ್ನು ಕಸಿದುಕೊಂಡಳು. ಮೇಡಂ ಬಿಡಲಿಲ್ಲ. “ಆಕಿ ಮೌಸ್ ಆಕಿಗೇ ಕೊಡು. ಹೇಳೋದಿದ್ರ ಬಾಯಿಲೆ ಹೇಳು,” ಎಂದವರೇ ತಾವೂ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನನ್ನ ಬೆನ್ನ ಹಿಂದೆ ನಿಂತರು. ಕಲಿಯುವವರ ಮೌಸನ್ನು ಮುಟ್ಟಬಾರದೆಂಬುದು ಆ ಲ್ಯಾಬಿನ ಕಟ್ಟುನಿಟ್ಟಿನ ನಿಯಮ. ಬಸ್ಸು ತಪ್ಪಿದ ಸಂಜೆಗಳಲ್ಲಿ ಅಪ್ಪನಿಗೆ ಫೋನ್ ಮಾಡಿ, ತಮ್ಮ ಮನೆಯಲ್ಲೇ ರೊಟ್ಟಿ ಉಣ್ಣಿಸಿ ಮಲಗಿಸಿಕೊಂಡವರೂ ಅವರೇ.

ನಾನು ಅಲ್ಲೇ ಉಪನ್ಯಾಸಕಿಯಾದ ಮೇಲೆ, ಹಳೆಯ ವಿಂಡೋಸ್‌ಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲವೆಂದು ಗೊತ್ತಾದಾಗ, ಹೊಸದನ್ನು ತಾಳುವ ಶಕ್ತಿ ನಮ್ಮ ಲ್ಯಾಬಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಗುಜರಿಗೆ ಹಾಕಿ ಲ್ಯಾಬ್ ಮುಚ್ಚಿಬಿಡೋಣ ಎಂದರು ಪ್ರಾಂಶುಪಾಲ ಪ್ರವೀಣಕುಮಾರ್ ಸರ್. ಮನೆಯಲ್ಲಿ ಕಂಪ್ಯೂಟರಿಲ್ಲದ ಮಕ್ಕಳ ಗತಿಯೇನು? ನಿವೃತ್ತಿಯ ಅಂಚಿನಲ್ಲಿದ್ದ ಮೇಡಂ ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾತಿಯೇ ಅಲ್ಲ ಅವರದು! ಒಂದು ಹಳೆಯ ಯಂತ್ರಕ್ಕೆ, ಪುಕ್ಕಟೆ ಸಿಗುವ, ಹಳೆಯದರಲ್ಲೂ ಓಡುವ ಲಿನಕ್ಸ್ ಹಾಕಿ, ಅದನ್ನು ಆಫೀಸಿನ ಹೊಸ ವಿಂಡೋಸ್ ಯಂತ್ರದ ಪಕ್ಕದಲ್ಲಿಟ್ಟು, ಪ್ರಾಂಶುಪಾಲರನ್ನು ಕರೆದರು.

ಮೊದಲು ಕೂತವಳು ವಿದ್ಯಾರ್ಥಿನಿ ಎರ್ರೆಮ್ಮ. ಎರಡರಲ್ಲೂ ಕನ್ನಡದ ಅರ್ಜಿ ಟೈಪಿಸಿ, ಉಳಿಸಿ, ಮತ್ತೆ ಹುಡುಕಿ, ಪ್ರಿಂಟ್ ತೆಗೆದಳು. “ಏನೂ ಫರಕ್ ಇಲ್ರಿ ಮೇಡಂ. ಇದರಾಗೂ ಸಲೀಸ್ ಐತಿ,” ಎಂದಳು ಲಿನಕ್ಸ್ ತೋರಿಸಿ. ಲ್ಯಾಬ್ ಉಳಿಯಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಆಮೇಲೆ ಗುಮಾಸ್ತ ಅಂಜಿನಿ ಆಫೀಸಿನ ಹಳೆಯ ಫೈಲೊಂದನ್ನು ಲಿನಕ್ಸಿನಲ್ಲಿ ತೆರೆದ. ವಿಂಡೋಸಿಗೆಂದೇ ಮಾಡಿದ್ದ ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪಿಸಿದ್ದ ಆ ಪತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಚೆಲ್ಲಾಪಿಲ್ಲಿಯಾಗಿತ್ತು. “ಅಯ್ಯ ಶಿವನ, ನಾನು ಬರದದ್ದು ನನಗ ಓದಾಕ ಬರವಲ್ದು!” ಎಂದು ಅವನು ಕೂಗಿದ. ಪ್ರಾಂಶುಪಾಲರ ಮುಖ ಬಿಗಿಯಿತು. ಆ ಫೈಲನ್ನು ಮುಚ್ಚಿಬಿಡೋಣವೆಂದು ನಾನು ಮೌಸಿನತ್ತ ಬಾಗಿದೆ.

“ಕೈ ಹಿಂದಕ್ಕ, ಮೆಹರೀನ.”

ನನ್ನನ್ನು ತಡೆದ ಮೇಡಂ ಪ್ರಾಂಶುಪಾಲರತ್ತ ತಿರುಗಿದರು. “ಆಫೀಸಿಗೆ ಇದು ಒಗ್ಗಂಗಿಲ್ರಿ ಸರ್, ಸೋತೈತಿ. ಅಲ್ಲಿ ವಿಂಡೋಸೇ ಇರ್ಲಿ. ಮಕ್ಕಳ ಕೆಲಸಕ್ಕ ಮಾತ್ರ ಇದು ಬೇಕಾದಷ್ಟಾತು.”

ಸರ್ ಎರಡೂ ಪರದೆಗಳನ್ನು ನೋಡಿದರು. “ಸೋತದ್ದನ್ನ ನೀವಾಗೇ ಹೇಳಿದ್ರಿ. ಹಂಗಾದ್ರ ಗೆದ್ದದ್ದನ್ನೂ ನಂಬಬೇಕಾತು. ಲ್ಯಾಬ್ ನಡೀಲಿ ಬಿಡ್ರಿ,” ಎಂದರು. ಇಂಥ ಗುರುವಿನ ಶಿಷ್ಯೆ ನಾನೆಂದು ಅಂದು ಊರೆಲ್ಲ ಸಾರಬೇಕೆನಿಸಿತ್ತು.

ಇಂದು ಆ ಲ್ಯಾಬಿನಲ್ಲಿ ಕೂರಲು ಜಾಗ ಸಾಲದು. ಮೊನ್ನೆ ಅಲ್ಲಿ ಪ್ರೊಜೆಕ್ಟರಿನ ಚಿತ್ರ ಮೂಡದೆ ನಾನು ಪೇಚಾಡುತ್ತ ತಿರುಗಿದರೆ, ಮೇಡಂ ಅದೇ ಭಂಗಿಯಲ್ಲಿ ನಿಂತಿದ್ದರು. “ನೀನೇ ನೋಡವ್ವ, ನಿನಗ ಬರ್ತೈತಿ,” ಎಂದರು. ಬಂತು.

ನಮ್ಮ ಮೇಡಂ ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ಇನ್ನೂ ಎಷ್ಟೋ ಮಕ್ಕಳಿಗೆ ಕಲಿಸಲಿ. ಆಗಾಗ ನಮ್ಮ ಲ್ಯಾಬಿಗೂ ಬರಲಿ. ಅವರು ಏನನ್ನೂ ಮುಟ್ಟುವುದು ಬೇಡ. ಕೈ ಹಿಂದೆ ಕಟ್ಟಿಕೊಂಡು ನಮ್ಮ ಬೆನ್ನ ಹಿಂದೆ ನಿಂತರೆ ಸಾಕು.