ಒಂದು ಗೇಣು ಕೆಳಗೆ

೧೯೬೬ನೇ ಇಸವಿ. ಚೊಚ್ಚಲ ಹೆರಿಗೆಗೆಂದು ಸಿದ್ದಾಪುರದ ಗಂಡನ ಮನೆಯಿಂದ ಬಾರ್ಕೂರಿನ ಹತ್ತಿರದ ತವರಿಗೆ ಬಂದಿದ್ದೆ. ಯಜಮಾನರು ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ತವರಿನಲ್ಲಿ ಅಮ್ಮ, ತಂಗಿ ಸುಶೀಲ ಮತ್ತು ಅಮ್ಮನ ಅಕ್ಕ ದೊಡ್ಡಮ್ಮ. ಬಾಣಂತಿಯರನ್ನು ಮೀಯಿಸುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ಸುತ್ತಲಿನ ಮನೆಗಳವರೆಲ್ಲ ಅವಳನ್ನೇ ಕರೆಯುತ್ತಿದ್ದರು. ಅವಳ ಕೈಯ ನೀರು ಬಿದ್ದವರಿಗೆ ಮುದುಕಿಯಾದರೂ ಸೊಂಟ ನೋಯುವುದಿಲ್ಲ ಎಂಬ ಮಾತಿತ್ತು. ನಾನೂ ಅದನ್ನು ನಂಬಿಯೇ ಬಂದಿದ್ದೆ.

ನೋವು ಶುರುವಾದದ್ದು ಏಳು ತಿಂಗಳು ತುಂಬಿದ ಮೇಲೆ. ಹೊಟ್ಟೆಯ ಕೆಳಗೆ, ಎರಡು ತೊಡೆ ಕೂಡುವಲ್ಲಿನ ಮೂಳೆಯಲ್ಲಿ. ಹೊಸಿಲು ದಾಟಲು ಕಾಲೆತ್ತಿದರೆ ಒಳಗೆ ಕಟಕ್ ಎನ್ನುತ್ತಿತ್ತು. ಮಲಗಿದಲ್ಲಿ ಮಗ್ಗುಲು ಬದಲಿಸಲು ಹಲ್ಲು ಕಚ್ಚಬೇಕಿತ್ತು. ನಡಿಗೆ ಬಾತುಕೋಳಿಯ ಹಾಗಾಗಿತ್ತು, ಸುಶೀಲ ನನ್ನ ಹಿಂದೆಯೇ ಹಾಗೆ ನಡೆದು ತೋರಿಸಿ ನಗಿಸುತ್ತಿದ್ದಳು. ಅಮ್ಮನಿಗೆ ಹೇಳಿದೆ.

"ಬಸ್ರಿ ಅಂದ್ಮೇಲೆ ಅಷ್ಟೂ ಆಪ್ದಿಲ್ಯಾ ಹೆಣೆ? ನಾವೆಲ್ಲ ಹೆತ್ತದ್ದ್ ಹ್ಯಾಂಗೆ?" ಎಂದಳು ಅಮ್ಮ. 

ಕೊಯ್ಲು ಮುಗಿದು ಅಂಗಳಕ್ಕೆ ಸಗಣಿ ಸಾರಿಸುವ ಹೊತ್ತಿಗೆ ಹೆರಿಗೆಯಾಯಿತು. ಗಂಡು ಮಗು, ಒಳ್ಳೆಯ ತೂಕ. ಮಗು ಹೊರಗೆ ಬರುವಾಗ ನನ್ನ ಮೈಯೊಳಗೆ ಏನೋ ಕಿತ್ತುಹೋದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮಗುವಿನ ಅಳು ಕೇಳಿದ ಸಂತೋಷದಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಏಳಲು ಹೋದರೆ ಬಲಗಾಲು ನೆಲ ಬಿಟ್ಟು ಏಳಲೇ ಇಲ್ಲ.

"ಎಂತ ಇಲ್ಲ, ವಾಯು ಹಿಡ್ದಿತ್ ಅಷ್ಟೇ. ಬಿಸಿ ನೀರ್ ಬಿದ್ರೆ ಹೋತ್ತ್" ಎಂದಳು ದೊಡ್ಡಮ್ಮ. ಅಮ್ಮನೂ ಸುಶೀಲಳೂ ಎರಡು ಕಡೆ ಹಿಡಿದು ಬಚ್ಚಲಿಗೆ ಸಾಗಿಸುತ್ತಿದ್ದರು. ದೊಡ್ಡಮ್ಮ ಎಣ್ಣೆ ಹಚ್ಚಿ, ತೊಡೆಗಳನ್ನು ಅಗಲಿಸಿ ತಿಕ್ಕಿ, ಹಂಡೆಯ ಕುದಿನೀರನ್ನು ಸೊಂಟಕ್ಕೆ ಬೀಸಿ ಬೀಸಿ ಹೊಯ್ಯುತ್ತಿದ್ದಳು. ಮಿಂದ ಮೇಲೆ ಹಳೆಯ ಸೀರೆಯಿಂದ ಹೊಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಹೊಟ್ಟೆ ಜೋಲಬಾರದು ಎಂದು ಹೊಕ್ಕುಳ ಮೇಲೆಯೇ ಕಟ್ಟುತ್ತಾರೆ. ಬಿಗಿದಷ್ಟೂ ಭಾರವೆಲ್ಲ ಕೆಳಗೆ ಬಿದ್ದು ನೋವು ಹೆಚ್ಚುತ್ತಿತ್ತು. ನಾನು ಕಿರುಚಿದರೆ ದೊಡ್ಡಮ್ಮನ ಕಣ್ಣಲ್ಲೂ ನೀರು. ಆದರೆ ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ಪ್ರೀತಿಯಿಂದಲೇ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ.

ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವ ದಿನ ಬಂತು. ಆ ದಿನ ಬಾಣಂತಿ ತಾನೇ ನಡೆದು ಬಾವಿಕಟ್ಟೆಗೆ ಹೋಗಿ, ಅರಿಶಿನ ಕುಂಕುಮ ಹಚ್ಚಿ, ವೀಳ್ಯ ಇಟ್ಟು, ಒಂದು ಕೊಡ ನೀರು ಸೇದಿ ಸೊಂಟದ ಮೇಲಿಟ್ಟುಕೊಂಡು ಒಳಗೆ ತರಬೇಕು. ತಂದರೆ ಮನೆಯ ಅಮೆ ಹೋದಂತೆ.

"ಅಮ್ಮಾ, ನಂಗೆ ಆತಿಲ್ಲೆ" ಎಂದು ಅತ್ತುಬಿಟ್ಟೆ.

"ಇವತ್ತೊಂದ್ ದಿನ ಹ್ಯಾಂಗಾರೂ ಹೋಯ್ ಬಾ ಮಗಾ. ಗಂಡನ್ ಮನೆಯರ್ ಬಂದ್ ಕೂತಿರ್. ಕಾಲ್ ಹೋದ್ ಹೆಣ್ಣ್ ಅಂಬ್ರ್" ಎಂದಳು ಅಮ್ಮ, ಪಿಸುಮಾತಿನಲ್ಲಿ.

ಆ ಮಾತು ನನ್ನನ್ನು ಎಬ್ಬಿಸಿತು. ಗೋಡೆ ಹಿಡಿದು, ಆಮೇಲೆ ಸುಶೀಲಳ ಭುಜ ಹಿಡಿದು, ಕಾಲೆಳೆಯುತ್ತಾ ಬಾವಿಯ ತನಕ ಹೋದೆ. ನೀರು ಸೇದಿದ್ದೂ ಆಯಿತು. ಕೊಡವನ್ನು ಸೊಂಟಕ್ಕೆ ಏರಿಸಿದ್ದೇ ತಡ, ಮೈ ನಡುವಿನಿಂದ ಎರಡು ಹೋಳಾದ ಹಾಗಾಯಿತು. ಅಲ್ಲಿಯೇ ಬಿದ್ದೆ. ಸೀರೆ ಒದ್ದೆಯಾಯಿತು, ಅದು ಕೊಡದ ನೀರು ಮಾತ್ರ ಆಗಿರಲಿಲ್ಲ. ನೆಂಟರೆಲ್ಲ ನೋಡುತ್ತಿದ್ದರು. ಆ ನಾಚಿಕೆಯನ್ನು ಇಷ್ಟು ವರ್ಷಗಳ ಮೇಲೆ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತು, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಕುಂದಾಪುರಕ್ಕೆ ಒಯ್ದರು. ಅಲ್ಲಿ ಘಟ್ಟದ ಮೇಲಿನಿಂದ ಬಂದಿದ್ದ ಒಬ್ಬ ಹೆಂಗಸು ಡಾಕ್ಟರಿದ್ದರು. ಹೊಟ್ಟೆಯ ಕಟ್ಟು ಬಿಚ್ಚಿಸಿ, ಮುಂದಿನ ಮೂಳೆಯನ್ನು ಮುಟ್ಟಿ ನೋಡಿದರು.

"ಇಲ್ಲಿ ಎರಡು ಮೂಳೆ ಸೇರಬೇಕು. ನನ್ನ ಬೆರಳು ನಡುವೆ ಹೋಗ್ತಿದೆ" ಎಂದರು. ಆಮೇಲೆ ಅಮ್ಮನನ್ನೂ ದೊಡ್ಡಮ್ಮನನ್ನೂ ಹತ್ತಿರ ಕರೆದು ತಿಳಿಸಿ ಹೇಳಿದರು. "ಹೆಣ್ಣನ್ನು ಹೆಣ್ಣು ಮಾಡುವ ರಸಗಳು ಮೈಯಲ್ಲಿವೆ, ಹಾರ್ಮೋನು ಅಂತೀವಿ. ಬಸುರಿಯಲ್ಲಿ ಅವು ಉಕ್ಕಿ ಬರ್ತವೆ. ಮೂಳೆಗೆ ಮೂಳೆ ಕಟ್ಟಿರುವ ನಾರನ್ನು ಮೆತ್ತಗೆ ಮಾಡ್ತವೆ, ನೀರಲ್ಲಿ ನೆನೆಸಿದ ತೊಗಲಿನ ಹಾಗೆ. ಮಗುವಿಗೆ ದಾರಿ ಬೇಕಲ್ಲ, ಅದಕ್ಕೆ. ಇವಳಲ್ಲಿ ಅದು ಅತಿಯಾಗಿ ಸಡಿಲಾಗಿ ಹರಿದಿದೆ. ಹೆತ್ತ ಮೇಲೆ ನಾರು ತಾನೇ ಬಿಗಿಯುತ್ತೆ, ಆದರೆ ನಿಧಾನವಾಗಿ. ಅಲ್ಲಿಯವರೆಗೆ ಕಾಲು ಅಗಲಿಸಬಾರದು, ನಡೆಸಬಾರದು, ಭಾರ ಹೊರಿಸಬಾರದು."

ನಾವು ಮಾಡಿಸಬಾರದ್ದೆಲ್ಲವನ್ನೂ ಮಾಡಿಸಿಕೊಂಡು ಬಂದಿದ್ದೆವು. ದೊಡ್ಡಮ್ಮ ಸಣ್ಣ ದನಿಯಲ್ಲಿ, "ನಾನ್ ದಿನಾ ಗಟ್ಟಿ ಕಟ್ಟಿದ್ದೆ ಅಲ್ದಾ ಡಾಕ್ಟ್ರೇ?" ಎಂದಳು.

"ಕಟ್ಟಿದ್ದು ಸರಿ, ಅಮ್ಮಾ. ಒಂದು ಗೇಣು ಕೆಳಗೆ ಕಟ್ಟಬೇಕಿತ್ತು. ಹೊಟ್ಟೆಗಲ್ಲ, ಸೊಂಟದ ಮೂಳೆಗೆ." ಡಾಕ್ಟರು ಅದೇ ಹಳೆಯ ಸೀರೆಯನ್ನು ತೆಗೆದುಕೊಂಡು ಎರಡೂ ತೊಡೆಗಳು ಸೊಂಟಕ್ಕೆ ಕೂಡುವಲ್ಲಿ ಸುತ್ತಿ ಬಿಗಿದರು. ಹೆತ್ತಂದಿನಿಂದ ಮೊದಲ ಸಲ ನನಗೆ ಉಸಿರು ಸರಾಗವಾಗಿ ಬಂತು.

"ನಂಗ್ ಯಾರೂ ಹೇಳ್ಲೇ ಇಲ್ಲೆ" ಎಂದಳು ದೊಡ್ಡಮ್ಮ. ಆ ದಿನದ ನಂತರ ಅವಳು ಯಾವ ಬಾಣಂತಿಯನ್ನೂ ಮೀಯಿಸಲಿಲ್ಲ. ಯಾರಾದರೂ ಕರೆಯಲು ಬಂದರೆ ಕೈನೋವು ಎನ್ನುತ್ತಿದ್ದಳು.

ತವರಿಗೆ ಮರಳಿ ನಾನು ಅಂಗಾತ ಬಿದ್ದುಕೊಂಡೆ. ನಡೆದೇನೋ ಇಲ್ಲವೋ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು. ಡಾಕ್ಟರು ಹೇಳಿಬಿಟ್ಟಿದ್ದರು: "ಮಲಗಿಯೇ ಹಾಲು ಕೊಡು. ಎತ್ತಿಕೊಳ್ಳುವುದು ಮಾತ್ರ ಬೇಡ. ಮಗುವನ್ನು ಸೊಂಟದ ಮೇಲೆ ಕೂರಿಸಿದರೆ ಭಾರವೆಲ್ಲ ಒಂದೇ ಕಾಲಿಗೆ ಬೀಳುತ್ತೆ, ಕೂಡಿದ ಮೂಳೆ ಮತ್ತೆ ಬಿಡುತ್ತೆ."

ಹಾಲಿನ ಹೊತ್ತಿಗೆ ಸುಶೀಲ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸುತ್ತಿದ್ದಳು. ಕುಡಿದಾದ ಮೇಲೆ ಅವಳೇ ಎತ್ತಿಕೊಂಡು ಹೋಗುತ್ತಿದ್ದಳು. ಅತ್ತರೆ ಅವಳು, ನಿದ್ದೆ ಬಂದರೆ ಅವಳು, ಅಂಗಳದಲ್ಲಿ ಕಾಗೆ ತೋರಿಸುವವಳೂ ಅವಳೇ. ಅವನು ನನ್ನ ಎದೆಗೆ ಬಾಯಿಟ್ಟಿದ್ದರೂ ಬಾಗಿಲಲ್ಲಿ ಅವಳ ಬಳೆ ಸದ್ದಾದರೆ ತಿರುಗಿ ನೋಡುತ್ತಿದ್ದ. ನಾನು ಸುಶೀಲಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಯಜಮಾನರು ರಜೆಯಲ್ಲಿ ಬಂದು ಹಾಸಿಗೆಯ ಬಳಿ ಕೂತು, "ಎದ್ದ್ ಓಡಾಡು ಹಾಂಗ್ ಆದ್ರೆ ಸಾಕ್ ಮಾರಾಯ್ತಿ" ಎಂದರು. ಅವರಿಗೆ ಅಷ್ಟು ಸಾಕಿತ್ತು. ನನಗೆ ಸಾಕಾಗಿರಲಿಲ್ಲ.

ಗೋಡೆ ಹಿಡಿದು ನಿಂತೆ. ಕೋಲು ಹಿಡಿದು ನಡೆದೆ. ವರ್ಷ ತಿರುಗಿ ಮತ್ತೊಂದು ಕೊಯ್ಲಿನ ಹೊತ್ತಿಗೆ ಡಾಕ್ಟರು ಮತ್ತೆ ಮುಟ್ಟಿ ನೋಡಿ, "ಪೂರ್ತಿ ಕೂಡಲಿಲ್ಲ, ಕುಂಟು ಉಳಿಯುತ್ತೆ. ಆದರೆ ಇನ್ನು ಮಗುವನ್ನು ಒಮ್ಮೊಮ್ಮೆ ಎತ್ತಿಕೊಳ್ಳಬಹುದು" ಎಂದರು. ದಾರಿಯುದ್ದಕ್ಕೂ ಕಾರಿನಲ್ಲಿ ಅಳುತ್ತಾ ಬಂದೆ, ಅದು ಸಂತೋಷಕ್ಕೆ.

ಮನೆಗೆ ಬಂದವಳೇ ಕೋಲನ್ನು ಕಂಬಕ್ಕೆ ಒರಗಿಸಿ ಮಗುವನ್ನು ಕರೆದೆ. ಅವನು ಚಾವಡಿಯಲ್ಲಿ ಸುಶೀಲಳ ಬೆರಳು ಹಿಡಿದು ನಿಂತಿದ್ದ. ಹೋಗಿ ಎತ್ತಿದೆ, ಸೊಂಟಕ್ಕೆ ಏರಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮೈ ಬಿಲ್ಲಿನಂತೆ ಬಗ್ಗಿಸಿ ಕಿರುಚಿ, ಕೆಳಗೆ ಇಳಿಯಲು ಒದ್ದಾಡಿದ. ಅವನಿಗೆ ಆಗಷ್ಟೇ ಕಾಲು ಬಂದಿತ್ತು. ಇಳಿಸಿದ ಕೂಡಲೇ ತಪ್ಪು ಹೆಜ್ಜೆ ಹಾಕುತ್ತಾ ಅಂಗಳಕ್ಕೆ ಹೊರಟ. ಹಿಂದೆ ಓಡಲು ನನ್ನಿಂದಾಗಲಿಲ್ಲ, ಸುಶೀಲ ಓಡಿದಳು.

ಆಮೇಲೆ ಅವನು ಯಾವತ್ತೂ ಎತ್ತಿಕೋ ಎಂದು ನನ್ನ ಹತ್ತಿರ ಬರಲಿಲ್ಲ. ಇನ್ನೊಂದು ಮಗು ಬೇಡವೆಂದು ಡಾಕ್ಟರು ಹೇಳಿದ್ದರಿಂದ ಇನ್ನೊಂದು ಆಗಲೂ ಇಲ್ಲ. ಈಗ ಅವನ ತಲೆ ನೆರೆತಿದೆ, ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಕುಂಟುವುದಕ್ಕೆ ನಾನು ಒಗ್ಗಿಹೋಗಿದ್ದೇನೆ. ಆದರೆ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಯಾರಾದರೂ ಹುಡುಗಿ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಬಸ್ಸು ಕಾಯುತ್ತಿದ್ದರೆ, ನನ್ನ ಬಸ್ಸು ಬಂದು ಹೋದರೂ ನೋಡುತ್ತಾ ನಿಲ್ಲುತ್ತೇನೆ. ನಾನು ಅವನನ್ನು ಹೆತ್ತಿದ್ದೇನೆ, ಹಾಲು ಕೊಟ್ಟಿದ್ದೇನೆ. ಎತ್ತಿ ಆಡಿಸಲಿಲ್ಲ.