ಎರಡು ಗಲ್ಲ ಕಾಣುವ ಜಾಗ

ಬೆಳಿಗ್ಗೆ ಐದೂವರೆ. ಲಕ್ಷ್ಮೇಶ್ವರದ ಕಾಳಿನ ಮಾರುಕಟ್ಟೆಯ ಹರಾಜು ಕಟ್ಟೆಯ ಮೂಲೆಯಲ್ಲಿ ಮರಿಯವ್ವ ಕಡಲೆ ಕೇರುತ್ತಿದ್ದಾರೆ. ಹೊಟ್ಟು ಹಾರುತ್ತದೆ, ಕಲ್ಲಿನ ಹರಳು ಬೇರೆಯಾಗುತ್ತದೆ, ಕಾಳು ಮೊರದಲ್ಲಿ ಉಳಿಯುತ್ತದೆ. ಕಟ್ಟೆಯ ಇನ್ನೊಂದು ತುದಿಯಲ್ಲಿ ಕಾಲೇಜಿನ ಒಂಬತ್ತು ಹುಡುಗ ಹುಡುಗಿಯರ ನಾಟಕದ ತಾಲೀಮು. ಒಬ್ಬ ಹುಡುಗ ಮಾತಿನ ನಡುವೆ ತಡವರಿಸುತ್ತಾನೆ. ಮರಿಯವ್ವ ತಲೆ ಎತ್ತದೆಯೇ ಹೇಳುತ್ತಾರೆ:

“‘ಯಂತ್ರ ಹೇಳಿದ್ದ ಖರೆ’ ಅನ್ನಲೇ. ನಿನ್ನೆನೂ ಇಲ್ಲೇ ಎಡವಿದಿ. ಈ ಮಾತಿನಾಗ ನಿನಗ ಹರಳ ಸಿಗತಾವೇನು?”

ಎಲ್ಲರೂ ನಗುತ್ತಾರೆ. ಏಳೂವರೆಗೆ ಚೀಲಗಳು ಬರುತ್ತವೆ. ಅಷ್ಟರೊಳಗೆ ಕಟ್ಟೆ ಬಿಡಬೇಕಾದ್ದರಿಂದ ನಗುವುದಕ್ಕೂ ಹೆಚ್ಚು ಹೊತ್ತಿಲ್ಲ.

ಐವತ್ತೆರಡರ ಮರಿಯವ್ವ ಅಡತಿ ಅಂಗಡಿಯೊಂದರಲ್ಲಿ, ಅಂದರೆ ಕಾಳಿನ ದಲ್ಲಾಳಿಯ ಅಂಗಡಿಯಲ್ಲಿ, ದಿನಕ್ಕೆ ಮೂರು ಚೀಲ ಕಾಳು ಹಸನು ಮಾಡುತ್ತಾರೆ. ಓದಿದ್ದು ಏಳನೆಯ ತರಗತಿ. ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಬಂದರು. ಹತ್ತೊಂಬತ್ತು ವರ್ಷಗಳ ಹಿಂದೆ, ಇದೇ ಕಟ್ಟೆಯ ಮೇಲೆ ತಾಲೀಮು ನಡೆಸುತ್ತಿದ್ದ ಯುವಕರ ತಂಡದ ಪ್ರಾಂಪ್ಟರ್, ಅಂದರೆ ಪರದೆಯ ಪಕ್ಕ ನಿಂತು ಮರೆತ ಮಾತನ್ನು ಮೆಲ್ಲಗೆ ನೆನಪಿಸುವವನು, ಪ್ರದರ್ಶನದ ದಿನವೇ ಜ್ವರ ಬಂದು ಮಲಗಿದ. ತಿಂಗಳಿಡೀ ಪಕ್ಕದಲ್ಲೇ ಕುಳಿತಿದ್ದ ಮರಿಯವ್ವನಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು; ಆ ರಾತ್ರಿ ಅವನ ಜಾಗದಲ್ಲಿ ಅವರೇ ನಿಂತರು.

“ಕೈ ಕೆಲಸಾ ಮಾಡತಿತ್ರಿ, ಕಿವಿ ಖಾಲಿ ಇತ್ತಲ್ಲ,” ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅಲ್ಲಿಂದ ಇಪ್ಪತ್ತಮೂರು ನಾಟಕಗಳು. ಶಿರಹಟ್ಟಿ, ಬೆಟಗೇರಿ, ನಾಗಾವಿ, ಎಲ್ಲಿ ಹೋದರೂ ಪರದೆಯ ಪಕ್ಕದ ಎರಡಡಿ ಜಾಗ ಅವರದು. ಎದುರು ಕುಳಿತು ಒಂದನ್ನೂ ನೋಡಿರಲಿಲ್ಲ. “ಮಂದಿ ಪೂರ್ತಿ ಮಾರಿ ನೋಡ್ತಾರ, ಅಕ್ಕಾರ. ನಾ ಎಲ್ಲಾರದೂ ಒಂದ ಗಲ್ಲ ನೋಡೇನಿ.”

ತಂಡದ ಈಗಿನ ನಿರ್ದೇಶಕಿ, ಶಾಲಾ ಶಿಕ್ಷಕಿ ತಸ್ಲೀಮ, ಈ ವರ್ಷ ಅದನ್ನು ಗಮನಿಸಿದರು. ತಂಡದವರಿಗೆಲ್ಲ ಮರಿಯವ್ವ ‘ಚಿಗವ್ವ’, ಅಂದರೆ ಚಿಕ್ಕಮ್ಮ. “ನಾವು ಸ್ವಾತಂತ್ರ್ಯದ ನಾಟಕಾ ಮಾಡ್ತೀವಿ, ಚಿಗವ್ವನ್ನ ಪರದಿ ಹಿಂದ ನಿಲ್ಲಿಸೇವಿ. ನಾಚಿಕಿ ಬಂತ್ರಿ.” ಒಂದು ಮಾತೂ ಮರೆಯುವುದಿಲ್ಲವೆಂದು ಹುಡುಗರು ಆಣೆ ಮಾಡಿದರು. ಮರಿಯವ್ವನಿಗೆ ಮೊದಲ ಸಾಲಿನಲ್ಲಿ ಕುರ್ಚಿ ನಿಗದಿಯಾಯಿತು.

ನಾಟಕದ ಕಾಲ ೨೦೭೫. ಊರ ಬಾಗಿಲಲ್ಲಿ ಒಂದು ಯಂತ್ರ. ಯಾರು ಎಲ್ಲಿಗೆ ಹೋಗಬಹುದೆಂದು ಅದೇ ಹೇಳುತ್ತದೆ. ಒಂದು ದಿನ ಅದು ಕೆಟ್ಟು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ‘ಈಗ ನೀನೇ ಹೇಳು, ಎಲ್ಲಿಗೆ ಹೋಗ್ತಿ?’ ಎಂದು ಊರವರು ಒಬ್ಬ ಹುಡುಗಿಯನ್ನು ಕೇಳುತ್ತಾರೆ. ಆ ಪಾತ್ರ ಬಿ.ಎ. ಓದುತ್ತಿರುವ ಮಹೆಕಳದು. ಅವಳು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರಿಸಬೇಕು. ಈ ಮೌನವನ್ನು ತಸ್ಲೀಮ ಸೇರಿಸಿದ್ದು ಪ್ರದರ್ಶನಕ್ಕೆ ಮುಂಚಿನ ಕೊನೆಯ ತಾಲೀಮಿನಲ್ಲಿ. ಆ ದಿನ ಅಂಗಡಿಯಲ್ಲಿ ಕೆಲಸ ಹೆಚ್ಚಿದ್ದು ಮರಿಯವ್ವ ಕಟ್ಟೆಗೆ ಬಂದಿರಲಿಲ್ಲ.

ಕಳೆದ ತಿಂಗಳು ಮುಂಡರಗಿಯಲ್ಲಿ ಪ್ರದರ್ಶನ. ಮಹೆಕ ಸುಮ್ಮನೆ ನಿಂತಳು. ಮೂರು ಎಣಿಸುವಷ್ಟರಲ್ಲಿ ಮೊದಲ ಸಾಲಿನಿಂದ ಮರಿಯವ್ವ ಎದ್ದೇಬಿಟ್ಟರು: “‘ಮೊದಲ ಬಾಗಲಾ ದಾಟ್ತೀನಿ, ಆಮ್ಯಾಲ ಹೇಳ್ತೀನಿ’ ಅನ್ನವಾ!”

ಸಭೆ ಬಿದ್ದು ಬಿದ್ದು ನಕ್ಕಿತು. ಮರಿಯವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿ ಪರದೆಯ ಪಕ್ಕ ಸೇರಿಕೊಂಡರು. ಉಳಿದ ನಾಟಕ ಮತ್ತೆ ಒಂದೇ ಗಲ್ಲ.

ಬರುವ ಭಾನುವಾರ ಲಕ್ಷ್ಮೇಶ್ವರದಲ್ಲೇ ಪ್ರದರ್ಶನ. ಕುರ್ಚಿ ಮತ್ತೆ ಕಾದಿದೆ. ಹುಡುಗರ ನೆನಪಿನ ಚಿಂತೆ ಈಗ ಯಾರಿಗೂ ಇಲ್ಲ; ಚಿಂತೆ ಮರಿಯವ್ವನ ಬಾಯಿಯದು.

“ಚಿಗವ್ವಾ, ಬಾಯಿ ತುಂಬ ಕಡ್ಲಿ ಹಾಕ್ಕೊಂಡು ಕುಂಡ್ರು,” ಎಂದು ಮಹೆಕ ಕೆಣಕುತ್ತಾಳೆ.

“ನೀ ಜಲ್ದಿ ಅಂದ್ರ ನನಗ್ಯಾಕ ಈ ಫಜೀತಿ? ಹತ್ತ ಎಣಸಾಕ ಬರ್ತೈತೋ ಇಲ್ಲೋ ನಿನಗ?”

ಆದರೂ ಈಗ ದಿನವೂ ತಾಲೀಮಾಗುವುದು ಇಬ್ಬರಿಗೆ. ಇವತ್ತೂ ಊರವರ ಪ್ರಶ್ನೆ ಬರುತ್ತದೆ. ಮಹೆಕ ಸುಮ್ಮನಾಗುತ್ತಾಳೆ. ಮೊರ ನಿಲ್ಲುತ್ತದೆ. ಮರಿಯವ್ವ ತುಟಿ ಬಿಗಿಹಿಡಿದು ಒಂದೊಂದೇ ಕಡಲೆ ಪಕ್ಕಕ್ಕೆ ಸರಿಸುತ್ತಾರೆ. ಏಳು. ಎಂಟು. ಒಂಬತ್ತು. ಹತ್ತು.

“ಮೊದಲ ಬಾಗಲಾ ದಾಟ್ತೀನಿ,” ಎನ್ನುತ್ತಾಳೆ ಮಹೆಕ. “ಆಮ್ಯಾಲ ಹೇಳ್ತೀನಿ.”

ಮರಿಯವ್ವ ಉಸಿರು ಬಿಟ್ಟು ನನ್ನ ಕಡೆ ತಿರುಗುತ್ತಾರೆ.

“ನೋಡಿದ್ರಿಲ್ಲರಿ, ಅಕ್ಕಾರ? ನಾ ಏನೂ ಹೇಳಲಿಲ್ಲ. ಆಕೀನ ಅಂದ್ಲು.”